ಡೇವಿಸ್ ಕಪ್ ನೋಡಲು ಒಂದು ಹಾಳೆ, ಒಂದು ಪೆನ್ಸಿಲ್

ಡೇವಿಸ್ ಕಪ್ ಎಂದರೆ ದೇಶ ದೇಶಗಳ ತಂಡಗಳು ಸೆಣಸುವ ಟೆನಿಸ್ ಟೂರ್ನಿ. ಅದನ್ನು ನೋಡಲು ಬರುವವರಲ್ಲಿ ಅರ್ಧಕ್ಕರ್ಧ ಮಂದಿ ವಿಂಬಲ್ಡನ್ ನೋಡುವ ಕಣ್ಣಿನಲ್ಲಿಯೇ ಇದನ್ನೂ ನೋಡುತ್ತಾರೆ. ತಮ್ಮ ಮೆಚ್ಚಿನ ಆಟಗಾರನ ಪಂದ್ಯ ಮುಗಿಯಿತೋ, ಚೀಲ ಹೆಗಲಿಗೇರಿಸಿ ಹೊರಟರು. ಫಲಕದ ಮೇಲಿನ 2-1 ಎಂಬುದನ್ನು ಸೆಟ್ಟುಗಳ ಲೆಕ್ಕವೆಂದು ತಿಳಿದು ಪಕ್ಕದವರೊಡನೆ ವಾದಕ್ಕಿಳಿದವರನ್ನೂ ಕಂಡಿದ್ದೇನೆ. ಟಿಕೆಟ್‌ಗೆ ಕೊಟ್ಟ ದುಡ್ಡು ದಕ್ಕಬೇಕಾದರೆ ಸ್ವಲ್ಪ ತಯಾರಿ ಬೇಕು.

ಮೊದಲು ಎರಡು ಪದ. ಎರಡು ದೇಶಗಳ ಇಡೀ ಹಣಾಹಣಿಗೆ ‘ಟೈ’ ಎನ್ನುತ್ತಾರೆ, ಅದರೊಳಗಿನ ಒಂದೊಂದು ಪಂದ್ಯಕ್ಕೆ ‘ರಬ್ಬರ್’ ಎನ್ನುತ್ತಾರೆ. ಒಂದು ಟೈನಲ್ಲಿ ಐದು ರಬ್ಬರ್: ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಮೊದಲು ಮೂರು ಗೆದ್ದ ದೇಶಕ್ಕೆ ಜಯ. 1900ರಲ್ಲಿ ಅಮೆರಿಕದ ಆಟಗಾರ ಡ್ವೈಟ್ ಡೇವಿಸ್ ಬೆಳ್ಳಿಯ ಬೋಗುಣಿಯೊಂದನ್ನು ಪಣಕ್ಕಿಟ್ಟು ಬಾಸ್ಟನ್ ಬಳಿಯ ಲಾಂಗ್‌ವುಡ್ ಕ್ಲಬ್ಬಿನಲ್ಲಿ ಅಮೆರಿಕ ಮತ್ತು ಬ್ರಿಟಿಷ್ ದ್ವೀಪಗಳ ತಂಡಗಳ ನಡುವೆ ಶುರುಮಾಡಿದ ಈ ಲೆಕ್ಕ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ. ವರ್ಷದ ಕೊನೆಯ ಎಂಟು ತಂಡಗಳ ಸುತ್ತಿನಲ್ಲಿ ಮಾತ್ರ ಎರಡು ಸಿಂಗಲ್ಸ್, ಒಂದು ಡಬಲ್ಸ್ ಆಡಿಸಿ ಮುಗಿಸುತ್ತಾರೆ. ಒಂದೇ ಊರಿಗೆ ಎಲ್ಲರನ್ನೂ ಕರೆಸಿ ಆಡಿಸುವ ಆ ಸುತ್ತು ನನಗೆ ಡೇವಿಸ್ ಕಪ್ ಎನಿಸುವುದೇ ಇಲ್ಲ. ಒಂದು ದೇಶ ಇನ್ನೊಂದರ ಮನೆಗೇ ಹೋಗಿ ಆಡಿದರೆ ಅದಕ್ಕೊಂದು ಗತ್ತು.

ಎರಡನೆಯದು ಹಾಳೆ. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಆಟದ ಹಿಂದಿನ ದಿನ ಡ್ರಾ ನಡೆಯುತ್ತದೆ. ಪ್ರತಿ ತಂಡದ ನಾಯಕ ತನ್ನ ಇಬ್ಬರು ಸಿಂಗಲ್ಸ್ ಆಟಗಾರರನ್ನು ಹೆಸರಿಸುತ್ತಾನೆ. ಅವರಲ್ಲಿ ರ‍್ಯಾಂಕಿಂಗ್‌ನಲ್ಲಿ ಮೇಲಿರುವವನು ಒಂದನೆಯವನು, ಕೆಳಗಿರುವವನು ಎರಡನೆಯವನು. ಮೊದಲ ದಿನ ಇವರ ಒಂದನೆಯವನು ಅವರ ಎರಡನೆಯವನೊಂದಿಗೆ, ಅವರ ಒಂದನೆಯವನು ಇವರ ಎರಡನೆಯವನೊಂದಿಗೆ. ಯಾವುದು ಮೊದಲು ಎಂಬುದಷ್ಟೇ ಚೀಟಿಯ ಮಾತು. ಎರಡನೆಯ ದಿನ ಮೊದಲಿಗೆ ಡಬಲ್ಸ್. ಬಳಿಕ ಒಂದನೆಯವರಿಬ್ಬರ ಮುಖಾಮುಖಿ, ಕೊನೆಗೆ ಎರಡನೆಯವರಿಬ್ಬರದು.

ಈ ಐದನ್ನೂ ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಿರಿ. ಎಡಕ್ಕೆ ನಮ್ಮವರು, ಬಲಕ್ಕೆ ಎದುರಾಳಿ, ಅಂಚಿನಲ್ಲಿ ಒಟ್ಟು ಲೆಕ್ಕಕ್ಕೊಂದು ಮನೆ. ಪೆನ್ನು ಬೇಡ, ಪೆನ್ಸಿಲ್ಲೇ ಇರಲಿ. ಎರಡನೆಯ ದಿನದ ಹೆಸರುಗಳನ್ನು ಆಟಕ್ಕೆ ಸ್ವಲ್ಪ ಮೊದಲು ಬದಲಿಸುವ ಹಕ್ಕು ನಾಯಕನಿಗಿದೆ, ಅಳಿಸುವ ಪ್ರಸಂಗ ಖಂಡಿತ ಬರುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಬೀಲ್‌ನಲ್ಲಿ ಭಾರತ ಆಡಿದ ಟೈ ಅನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಿ. ಮೊದಲ ಸಾಲು: ದಕ್ಷಿಣೇಶ್ವರ್ ಸುರೇಶ್, ಎದುರಿಗೆ ಜೆರೋಮ್ ಕಿಮ್. ನಮ್ಮ ಎರಡನೆಯವನು ಅವರ ಒಂದನೆಯವನನ್ನು ಸೋಲಿಸಿದ. ಎರಡನೆಯ ಸಾಲಿನಲ್ಲಿ ಸುಮಿತ್ ನಾಗಲ್ ಕೂಡ ಗೆದ್ದರು. ಮೂರನೆಯ ಸಾಲು, ಡಬಲ್ಸ್, ಸ್ವಿಸ್ ಪಾಲಾಯಿತು. ಈಗ ನಾಲ್ಕನೆಯ ಸಾಲು ನೋಡಿ. ಹಾಳೆಯ ಪ್ರಕಾರ ನಾಗಲ್ ಎದುರಿಗೆ ಬರಬೇಕಾದವನು ಕಿಮ್. ಬಂದವನು ಹೆನ್ರಿ ಬರ್ನೆಟ್ ಎಂಬ ಹದಿನೆಂಟರ ಹುಡುಗ, ಆ ವರ್ಷದ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಚಾಂಪಿಯನ್. ಪೆನ್ನಿನಲ್ಲಿ ಬರೆದುಕೊಂಡವರು ಅಲ್ಲಿ ಗೀಚಿ ಕೊಳೆ ಮಾಡಿಕೊಂಡಿರುತ್ತಾರೆ. ನಾಗಲ್ ಗೆದ್ದರು, ಲೆಕ್ಕ 3-1. ಐರೋಪ್ಯ ತಂಡವೊಂದನ್ನು ಅದರ ನೆಲದಲ್ಲಿ ಭಾರತ ಸೋಲಿಸಿದ್ದು 1993ರಲ್ಲಿ ಫ್ರಾನ್ಸ್‌ನ ಫ್ರೆಜುಸ್‌ನಲ್ಲಿ ಗೆದ್ದ ಮೇಲೆ ಅದೇ ಮೊದಲು.

ಮೊಬೈಲ್ ಆ್ಯಪ್ ಇರುವಾಗ ಹಾಳೆ ಯಾಕೆ ಎನ್ನುವವರಿದ್ದಾರೆ. ಸ್ಕೋರ್ ತೋರಿಸುವ ಆ್ಯಪ್‌ಗಳಲ್ಲಿ ಹೆಚ್ಚಿನವು ಒಂದೊಂದು ಪಂದ್ಯದ ಸೆಟ್ಟುಗಳನ್ನು ತೋರಿಸುತ್ತವೆಯೇ ಹೊರತು, ಇವನು ಸೋತರೆ ಮುಂದಿನವನ ಹೆಗಲಿಗೆ ಏನು ಬೀಳುತ್ತದೆ ಎಂಬುದನ್ನು ತೋರಿಸುವುದಿಲ್ಲ. ಕಣ್ಣೆದುರು ನಡೆಯುವ ಆಟವನ್ನು ಎರಡು ಪಾಯಿಂಟ್ ತಡವಾಗಿ ಪರದೆಯ ಮೇಲೆ ನೋಡುವುದು ಬೇರೆ!

ಮೂರನೆಯದು ನೆಲ. ಟೈ ಎಲ್ಲಿ ನಡೆಯಬೇಕು ಎಂಬುದು ಎರಡು ದೇಶಗಳ ನಡುವೆ ಸರದಿಯ ಪ್ರಕಾರ ಬರುತ್ತದೆ. ಆತಿಥೇಯರು ತಮಗೆ ಒಗ್ಗುವ ಅಂಗಣವನ್ನೇ ಆರಿಸುತ್ತಾರೆ. 1987ರಲ್ಲಿ ಭಾರತ ಸಿಡ್ನಿಯ ಹುಲ್ಲಿನ ಮೇಲೆ ಆಸ್ಟ್ರೇಲಿಯವನ್ನು ಮಣಿಸಿ ಫೈನಲ್‌ಗೆ ಹೋಯಿತು. ಸ್ವೀಡನ್‌ನವರು ಗೋಥೆನ್‌ಬರ್ಗ್‌ನಲ್ಲಿ ಸೂರಿನ ಕೆಳಗೆ ಮಣ್ಣಿನ ಅಂಗಣ ಹಾಸಿ 5-0 ಎಂದು ಕಳಿಸಿದರು. ನಾವೂ ಕಡಿಮೆಯವರಲ್ಲ: 2022ರಲ್ಲಿ ಡೆನ್ಮಾರ್ಕ್‌ನವರನ್ನು ದೆಹಲಿ ಜಿಮ್ಖಾನಾದ ಹುಲ್ಲಿಗೆ ಇಳಿಸಿ 4-0ಯಿಂದ ಗೆದ್ದೆವು. ಹುಲ್ಲು ಹಾಸಿದರೆ ಗೆಲುವು ಗಟ್ಟಿ ಎಂದೇನೂ ತಿಳಿಯಬೇಡಿ, 2019ರಲ್ಲಿ ಕೋಲ್ಕತ್ತದ ಹುಲ್ಲಿನ ಮೇಲೆಯೇ ಇಟಲಿ ನಮ್ಮನ್ನು ಸೋಲಿಸಿತು. ಆಟಕ್ಕೆ ಮೊದಲೇ ಹಾಳೆಯ ನೆತ್ತಿಯಲ್ಲಿ ಅಂಗಣ ಯಾವುದೆಂದು ಬರೆದಿಡಿ.

ಜಾಗ: ಬೇಸ್‌ಲೈನ್, ಅಂದರೆ ಅಂಗಣದ ತುದಿಯ ಗೆರೆಯ ಹಿಂದೆ, ಸ್ವಲ್ಪ ಎತ್ತರದಲ್ಲಿ. ಪಕ್ಕದ ಸೀಟು ದುಬಾರಿಯಾದರೂ ಕತ್ತು ನೋವಿನ ಹೊರತು ಬೇರೇನೂ ಸಿಗದು. ಟೋಪಿ, ನೀರು ಇರಲಿ. ಗಾಳಿ ತುಂಬಿದ ಆ ಪ್ಲಾಸ್ಟಿಕ್ ಕೋಲುಗಳನ್ನು ದಯವಿಟ್ಟು ಕೊಳ್ಳಬೇಡಿ, ಎರಡನೆಯ ಸೆಟ್ಟಿಗೆ ಗಾಳಿ ಸೋರಿ ಒಣಗಿದ ಹೀರೇಕಾಯಿಯಂತೆ ಜೋತುಬೀಳುತ್ತವೆ. ಅಂಗೈ ಸಾಕು.

ಕೂಗುವುದಕ್ಕೂ ಒಂದು ಹೊತ್ತಿದೆ. ಬೇರೆ ಟೂರ್ನಿಗಳಿಗಿಂತ ಇಲ್ಲಿ ಗಲಾಟೆಗೆ ಸಲಿಗೆ ಹೆಚ್ಚು, ಡೋಲು, ಬಾವುಟ ಎಲ್ಲವೂ ನಡೆಯುತ್ತವೆ. ಆದರೆ ಎದುರಾಳಿಯ ಮೊದಲ ಸರ್ವ್ ತಪ್ಪಿ, ಅವನು ಎರಡನೆಯದಕ್ಕೆ ಚೆಂಡು ಪುಟಿಸುತ್ತಿರುವಾಗ ಬಾಯಿ ಮುಚ್ಚಿಕೊಳ್ಳಿ. ಅಂಪೈರ್ ಎಚ್ಚರಿಸಿದ ಮೇಲೂ ಗದ್ದಲ ನಿಲ್ಲದಿದ್ದರೆ ದಂಡ ಬೀಳುವುದು ನಮ್ಮ ಆಟಗಾರನಿಗೇ. ಗೇಮುಗಳ ನಡುವೆ ಕಡೆ ಬದಲಿಸುವಾಗ ಬೇಕಾದಷ್ಟು ಕೂಗಿ. ಅದೇ ಹೊತ್ತಿಗೆ ಅಂಗಣದ ಬದಿಯ ಕುರ್ಚಿಯ ಮೇಲೂ ಒಂದು ಕಣ್ಣಿರಲಿ. ಅಲ್ಲಿ ಕೂತ ನಾಯಕ ಆಟಗಾರನ ಕಿವಿಯಲ್ಲಿ ಏನು ಊದಿದ ಎಂಬುದು ಮುಂದಿನ ಎರಡು ಗೇಮುಗಳಲ್ಲಿ ಗೊತ್ತಾಗುತ್ತದೆ.

ಡಬಲ್ಸ್ ನಡೆಯುವಾಗ ಕಾಫಿಗೆ ಏಳಬೇಡಿ. ಮೊದಲ ದಿನ 1-1 ಆಗಿದ್ದರೆ ಇಡೀ ಟೈ ವಾಲುವುದು ಇಲ್ಲಿಂದಲೇ. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಸರ್ಬಿಯ ಮೊದಲ ದಿನವೇ 2-0 ಮುಂದಿತ್ತು. ನನ್ನ ಮುಂದಿನ ಸಾಲಿನಲ್ಲಿದ್ದ ಕುಟುಂಬ ‘ಎಲ್ಲ ಮುಗಿಯಿತು’ ಎಂದು ಮರುದಿನ ಬರಲೇ ಇಲ್ಲ. ಆ ದಿನ ಲಿಯಾಂಡರ್ ಪೇಸ್ ಮತ್ತು ನಮ್ಮ ಕೊಡಗಿನ ರೋಹನ್ ಬೋಪಣ್ಣ ಎರಡು ಸೆಟ್ ಕಳೆದುಕೊಂಡ ಮೇಲೆ ಮೂರನ್ನು ಗೆದ್ದರು. ಆಗ ಐದು ಸೆಟ್ಟುಗಳ ಕಾಲ, ಮೂರು ದಿನಗಳ ಟೈ. ಈಗ ಮೂರೇ ಸೆಟ್, ಅಂಥ ಚೇತರಿಕೆಗೆ ಜಾಗವೂ ಇಲ್ಲ, ಸಮಯವೂ ಇಲ್ಲ. ಮಾರನೆಯ ದಿನ ಸೋಮದೇವ್ ದೇವ್‌ವರ್ಮನ್ ಐದು ಸೆಟ್ ಹೋರಾಡಿ 2-2 ಮಾಡಿದರು. ನನ್ನ ಹಾಳೆಯಲ್ಲಿ ಖಾಲಿ ಉಳಿದದ್ದು ಐದನೆಯ ಸಾಲೊಂದೇ.

ಆ ಸಾಲಿನ ನಡುವೆ ಮಳೆ ಬಂತು. ಯೂಕಿ ಭಾಂಬ್ರಿ ಮತ್ತು ಫಿಲಿಪ್ ಕ್ರಾಯಿನೊವಿಚ್ ಆಟ ಭಾನುವಾರ ನಿಂತು ಸೋಮವಾರಕ್ಕೆ ಹೋಯಿತು, ಸರ್ಬಿಯ 3-2ರಿಂದ ಗೆದ್ದಿತು. ಸೋಮವಾರಕ್ಕೆ ರಜೆ ಹಾಕಿಕೊಳ್ಳದವರಿಗೆ ಕೊನೆಯ ಲೆಕ್ಕ ಕಚೇರಿಯಲ್ಲೇ ಸಿಕ್ಕಿತು. ಇನ್ನು ಟೈ 3-1ಕ್ಕೇ ತೀರ್ಮಾನವಾದರೆ ಐದನೆಯ ಪಂದ್ಯಕ್ಕೆ ಕಾದು ಕೂರಬೇಡಿ, ಸಾಮಾನ್ಯವಾಗಿ ಅದನ್ನು ಆಡಿಸುವುದಿಲ್ಲ. ಬೀಲ್‌ನಲ್ಲೂ ಆಡಿಸಲಿಲ್ಲ. ಆ ಸಾಲಿಗೊಂದು ಅಡ್ಡಗೆರೆ ಎಳೆದು, ಎಲ್ಲರೂ ಗೇಟಿನ ಬಳಿ ಆಟೋ ಹುಡುಕುವ ಮೊದಲೇ ಎದ್ದುಬಿಡಿ.