ಕೇಂದ್ರ ಬಜೆಟ್ ಓದುವುದು ಎಲ್ಲಿಂದ ಶುರು ಮಾಡಬೇಕು?

ಭಾಷಣ ಆಮೇಲೆ ಕೇಳಿದರಾಯಿತು. ಮೊದಲು ಹಣಕಾಸು ಸಚಿವಾಲಯದ ಬಜೆಟ್ ತಾಣದಲ್ಲಿ ‘ಬಜೆಟ್ ಅಟ್ ಎ ಗ್ಲಾನ್ಸ್’ ಎಂಬ ಸಾರಾಂಶ ಕಡತ ತೆರೆಯಿರಿ. 2025-26ರ ಕೋಷ್ಟಕದಲ್ಲಿ ನಾಲ್ಕು ಕಾಲಂಗಳಿವೆ: 2023-24ರ ವಾಸ್ತವ ಲೆಕ್ಕ, 2024-25ರ ಬಜೆಟ್ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, 2025-26ರ ಹೊಸ ಅಂದಾಜು.

ಯಾವುದೇ ಯೋಜನೆಗೆ ಹಣ ಹೆಚ್ಚಾಯಿತೇ ಎಂದು ನೋಡಲು ಹೊಸ ಅಂದಾಜನ್ನು ಹಿಂದಿನ ಎರಡು ಕಾಲಂಗಳ ಜೊತೆಗೂ ಹೋಲಿಸಿ. ಕಳೆದ ವರ್ಷ ಹಣ ಖರ್ಚಾಗದಿದ್ದರೆ ಪರಿಷ್ಕೃತ ಅಂಕಿ ಕುಗ್ಗಿರುತ್ತದೆ. ಅದರೆದುರು ಸಣ್ಣ ಏರಿಕೆಯೂ ಭರ್ಜರಿಯಾಗಿ ಕಾಣುತ್ತದೆ. ಟಿವಿ ಚರ್ಚೆಗಳಿಗೆ ಇಷ್ಟು ಸಾಕು.

ಹೆಚ್ಚಿನವರು ಎಡವುವುದು ಒಂದು ರೂಪಾಯಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬ ಚಿತ್ರದಲ್ಲಿ. 2025-26ರ ಚಿತ್ರದಲ್ಲಿ ಬಡ್ಡಿಗೆ 20 ಪೈಸೆ. ಆದರೆ 12.76 ಲಕ್ಷ ಕೋಟಿ ಬಡ್ಡಿಯನ್ನು 50.65 ಲಕ್ಷ ಕೋಟಿ ಒಟ್ಟು ವೆಚ್ಚದಿಂದ ಭಾಗಿಸಿದರೆ ಶೇ 25! ಮುದ್ರಣದೋಷವಲ್ಲ. ಕರ್ನಾಟಕವೂ ಸೇರಿ ರಾಜ್ಯಗಳಿಗೆ ಹೋಗುವ 14.22 ಲಕ್ಷ ಕೋಟಿ ತೆರಿಗೆ ಪಾಲು ಚಿತ್ರದಲ್ಲಿದೆ, ಒಟ್ಟು ವೆಚ್ಚದಲ್ಲಿಲ್ಲ. ವೆಚ್ಚ, ಪಾಲು ಎರಡನ್ನೂ ಕೂಡಿಸಿದರೆ 64.87 ಲಕ್ಷ ಕೋಟಿ; ಬಡ್ಡಿಯನ್ನು ಅದರಿಂದ ಭಾಗಿಸಿ, ಶೇ 20ರ ಹತ್ತಿರ ಬರುತ್ತದೆ.

ಚಿತ್ರದ ‘ಬರುವ’ ಭಾಗದಲ್ಲಿರುವ 24 ಪೈಸೆ ಸಾಲವನ್ನು ಆದಾಯವೆಂದು ಎಣಿಸಬೇಡಿ. ಸಾಲ ಬಿಟ್ಟು ಬರುವುದು 34.96 ಲಕ್ಷ ಕೋಟಿ; ವೆಚ್ಚದಿಂದ ಅದನ್ನು ಕಳೆದರೆ ಉಳಿಯುವ 15.69 ಲಕ್ಷ ಕೋಟಿಯೇ ವಿತ್ತೀಯ ಕೊರತೆ.