ಲಗ್ನಪತ್ರಿಕೆಯ ಹಿಂಬದಿಯಲ್ಲಿ ಕಾಳಾಮುಖರು

ಕಾಳಾಮುಖರೆಂಬ ಹಳೆಯ ಶೈವ ಪಂಥದ ಗುರುಗಳ ಬಗ್ಗೆ ಶಾಸನಗಳನ್ನೇ ನಂಬಿ ಬರೆದ ಲೇಖನ ಮೂರನೇ ಸಲಕ್ಕೆ ಒಪ್ಪಿಗೆಯಾಯಿತು. "ಶಾಸನದಲ್ಲಿ ಗದ್ದೆ, ಗಾಣ, ಸುಂಕ ಬಿಟ್ಟು ಇನ್ನೇನ್ರೀ ಇದೆ? ತತ್ತ್ವ ಬೇಕಾದರೆ ಗ್ರಂಥ ಓದಿ" ಅಂದಿದ್ದ ಮೇಷ್ಟ್ರೇ ಮೊನ್ನೆ ಫೋನ್ ಮಾಡಿ ನನ್ನ ಟಿಪ್ಪಣಿ ಕಾರ್ಡುಗಳ ಫೋಟೋ ಕೇಳಿದರು. ಕಳಿಸಿದೆ. ಎಲ್ಲವನ್ನೂ ಅಲ್ಲ.

ಕಾಳಾಮುಖರದೇ ಅಂತ ಕೈಗೆತ್ತಿಕೊಳ್ಳಲು ಗ್ರಂಥ ಎಲ್ಲಿದೆ? ಇರುವುದು ದತ್ತಿ ಶಾಸನ, ಅದರೊಳಗಿನ ಗುರುಗಳ ಹೊಗಳಿಕೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಲ್ಲಿ ಕೂತು, ಶಾಸನಗಳ ಪಾಠ ಅಚ್ಚಾಗಿರುವ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳನ್ನು ಸುಮಾರು ಒಂದೂವರೆ ವರ್ಷ ಕೈಯಲ್ಲೇ ಬರೆದುಕೊಂಡೆ. ಆಮೇಲೆ ಎಕ್ಸೆಲ್‌ಗೆ ಹಾಕಿ ಕೆಟ್ಟೆ. ರಾಜ, ಕಾಲ, ಊರು ಅಂತ ಸಾಲು ಮಾಡಿದ್ದರಿಂದ ಆರು ತಿಂಗಳ ನಂತರ ಕೈಗೆ ಬಂದದ್ದು ಎಲ್ಲರಿಗೂ ಗೊತ್ತಿರುವ ಚಾಲುಕ್ಯರ ವಂಶಾವಳಿ. ಸಾಲದ್ದಕ್ಕೆ, ಶಾಸನಗಳ ಚಾಲುಕ್ಯ ವಿಕ್ರಮ ವರ್ಷವನ್ನು ಕ್ರಿಸ್ತಶಕಕ್ಕೆ ತರಲು 1075 ಕೂಡಿಸುವ ಬದಲು 1076 ಕೂಡಿಸಿದ್ದೆ. ಸಂವತ್ಸರದ ಹೆಸರು ತಾಳೆಯಾಗದೆ ಸಿಕ್ಕಿಬಿದ್ದೆ.

ಕಾರ್ಡಿಗೆ ಬಂದದ್ದು ದುಡ್ಡಿಲ್ಲದೆ. ಅತಿಥಿ ಉಪನ್ಯಾಸಕನ ಸಂಬಳ ಆಗ ಹನ್ನೊಂದು ಸಾವಿರದ ಆಸುಪಾಸು, ಬೇಸಿಗೆಯಲ್ಲಿ ಅದೂ ಇಲ್ಲ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯವನೊಬ್ಬ ತಪ್ಪು ಅಚ್ಚಾದ ಪತ್ರಿಕೆಗಳನ್ನು ಕೆಜಿಗೆ ಇಪ್ಪತ್ತು ರೂಪಾಯಿಯಂತೆ ಕೊಟ್ಟ. ಎರಡಾಗಿ ಕತ್ತರಿಸಿದರೆ ಗಟ್ಟಿ ಕಾರ್ಡು, ಹಿಂಬದಿ ಖಾಲಿ. ಹೆಸರು 'ಶಕ್ತಿ' ಅಂತ ಮುಗಿಯುವ ಗುರುಗಳಿಗೆ ಕೆಂಪು, 'ರಾಶಿ' ಅಂತ ಮುಗಿದರೆ ಹಳದಿ. ಒಬ್ಬ ಗುರು ಒಂದು ಶಾಸನದಲ್ಲಿ ಬಂದರೆ ಒಂದು ಕಾರ್ಡು. ರಾಜನ ಹೆಸರು ಮೂಲೆಯಲ್ಲಿ, ಪೆನ್ಸಿಲ್‌ನಲ್ಲಿ. ಒಂದೇ ಹೆಸರಿನ ಇಬ್ಬರು ಗುರುಗಳನ್ನು ಬೇರೆ ಮಾಡುವುದು ಹೇಗೆ ಅಂತ ಕೇಳಬೇಡಿ, ಅದಕ್ಕೆ ಇನ್ನೊಂದು ಲೇಖನ ಬಾಕಿಯಿದೆ.

ಆದರೂ ಮೊದಲ ಲೇಖನ ವಾಪಸ್ ಬಂತು, ಬರಬೇಕಾದದ್ದೇ. "ಯಮನಿಯಮಸ್ವಾಧ್ಯಾಯಧ್ಯಾನಧಾರಣ" ಅಂತ ಉದ್ದಕ್ಕೆ ಹೋಗುವ ಸಾಲು ನೋಡಿ, ಈ ಮಠಗಳಲ್ಲೆಲ್ಲ ಯೋಗಸಾಧನೆ ಜೋರಾಗಿತ್ತು ಅಂತ ಹದಿನೆಂಟು ಪುಟ ಬರೆದಿದ್ದೆ. ಓದಿದವರು ಅಂಚಿನಲ್ಲಿ ಒಂದೇ ಮಾತು ಗೀಚಿದ್ದರು: ಅಗ್ರಹಾರದ ಬ್ರಾಹ್ಮಣ ಮಹಾಜನರಿಗೂ ಇದೇ ಸಾಲು ಇದೆಯಲ್ಲ! ಎರಡು ದಿನ ಊಟ ಸೇರಲಿಲ್ಲ.

ಮೂರನೇ ದಿನ ಆ ಬೈಗುಳವನ್ನೇ ಜರಡಿ ಮಾಡಿಕೊಂಡೆ. ಮಹಾಜನರ ಹೊಗಳಿಕೆಯಲ್ಲಿ ಬರುವ ಮಾತೆಲ್ಲ ಗುರುವಿನ ಕಾರ್ಡಿನಲ್ಲಿ ಹೊಡೆದುಹಾಕುವುದು. ಉಳಿದದ್ದು ಮಾತ್ರ ಅವನದು. "ಹಿಡಿಯಷ್ಟೂ ಉಳಿಯಲ್ಲ" ಅಂತ ಗೆಳೆಯರು ನಕ್ಕರು. ಮುನ್ನೂರು ಚಿಲ್ಲರೆ ಕಾರ್ಡಿನಲ್ಲಿ ಉಳಿದದ್ದು ನಲವತ್ತೋ ನಲವತ್ತೆರಡೋ. ಸಾಕು.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿದ್ದ ಕಾಳಾಮುಖರ ಕೋಡಿಯ ಮಠದ 1162ರ ಶಾಸನ ಎಲ್ಲರೂ ಓದಿದ್ದೇ. ವೇದ, ನ್ಯಾಯ, ಸಾಂಖ್ಯ, ಪುರಾಣ ಅಂತ ಪಟ್ಟಿ ಒಪ್ಪಿಸಿ, ಕುಂಟರು ಕುರುಡರಿಗೆ ಅನ್ನ, ರೋಗಿಗಳಿಗೆ ಔಷಧಿ ಅಂತ ಹೇಳಿ ಮುಂದೆ ಹೋಗುತ್ತೇವೆ. ಜರಡಿ ಹಿಡಿದ ಮೇಲೆ ನನ್ನ ಕಣ್ಣು ನಿಂತದ್ದು ವ್ಯಾಕರಣದ ಸಾಲಿನಲ್ಲಿ. ಕೌಮಾರ, ಪಾಣಿನೀಯ ವ್ಯಾಕರಣಗಳು, ಜೊತೆಗೆ ಶಾಕಟಾಯನನದು. ಇವನು ಅಮೋಘವರ್ಷನ ಕಾಲದ ಜೈನ ವೈಯಾಕರಣಿ ಅಂತ ನನ್ನ ಓದು. ಶೈವ ಮಠದೊಳಗೆ ಜೈನನ ವ್ಯಾಕರಣ, ಪಕ್ಕದಲ್ಲೇ ಬೌದ್ಧ ದರ್ಶನ. ವಾದಕ್ಕೆ ಇಳಿಯುವವನು ಎದುರಾಳಿಯ ಮನೆ ಪಾಠವನ್ನೂ ಕಲಿತಿರಬೇಕಲ್ಲ. ಈ ಮಾತಿನ ಮೇಲೇ ಲೇಖನ ನಿಂತಿದೆ.

ನಡುವೆ ಒಂದು ಹುಚ್ಚೂ ಹತ್ತಿತ್ತು. ಎಸ್‌ಪಿ ರಸ್ತೆಯಲ್ಲಿ ಒಂಬೈನೂರು ಕೊಟ್ಟು ಎಲ್‌ಇಡಿ ಪಟ್ಟಿ ತಂದು, ಕತ್ತಲಾದ ಮೇಲೆ ಕಲ್ಲಿಗೆ ಅಡ್ಡಬೆಳಕು ಬಿಟ್ಟು ಮೊಬೈಲಿನಲ್ಲಿ ಹಿಡಿಯುವುದು. 'ಬೆಂಗಳೂರ ಕಾಳಗ' ಅಂತ ಬರುವ ಶಾಸನವಿರುವ ಬೇಗೂರಿನ ದೇವಸ್ಥಾನದ ಆಸುಪಾಸಿನ ಸವೆದ ಕಲ್ಲುಗಳ ಮೇಲೆ ಪಳಗಿದೆ. ಬೆಳಕು ಕಲ್ಲಿನ ಮೈಗೆ ಒರಗಿದಷ್ಟೂ ಅಕ್ಷರ ಏಳುತ್ತದೆ. ಆ ಫೋಟೋಗಳನ್ನು ಕಂಪ್ಯೂಟರಿನಿಂದಲೇ ಓದಿಸಲು ಹೋಗಿ ನಾಲ್ಕು ಸಾವಿರ ಕಳೆದುಕೊಂಡೆ. ಅದಕ್ಕೆ ವಕಾರ ಮಕಾರ ಎರಡೂ ಒಂದೇ. ಬಳ್ಳಿಗಾವಿಗೆ ಮೂರು ಸಲ ಹೋದ ಖರ್ಚು ಏಳೆಂಟು ಸಾವಿರ, ಅದು ಮಾತ್ರ ದಂಡವಾಗಲಿಲ್ಲ.

ಈಗ ಶ್ರವಣಬೆಳಗೊಳದ ಜೈನ ಗುರುಗಳಿಗೆ ಇದೇ ಜರಡಿ ಹಿಡಿಯಬೇಕು. ಹಸಿರು ಕಾರ್ಡು ಕೇಳಿದ್ದೇನೆ. "ಆಷಾಢ ಕಳೀಲಿ ಸಾರ್, ಮದುವೆ ಶುರುವಾದರೆ ತಪ್ಪಚ್ಚೂ ಶುರು" ಅಂದಿದ್ದಾನೆ ಅಂಗಡಿಯವನು.