ಮಗುವಿನ ಭೇದಿಗೆ ಯಾವ ರೋಟಾವೈರಸ್ ಕಾರಣ? ಪತ್ತೆ ಹಚ್ಚೋದು ಹೀಗೆ
ಐದು ವರ್ಷದೊಳಗಿನ ಮಗು, ದಿನಕ್ಕೆ ಮೂರು ಸಲವೋ ಇನ್ನೂ ಜಾಸ್ತಿಯೋ ನೀರು ನೀರಾಗಿ ಭೇದಿ. ಮೊದಲು ಓಆರ್‌ಎಸ್, ಸ್ಯಾಂಪಲ್ ಆಮೇಲೆ.

ಆಸ್ಪತ್ರೆಗೆ ಸೇರಿಸಿದ 48 ಗಂಟೆಯೊಳಗೆ ಮಲ ತೆಗೆದುಕೊಳ್ಳಿ. ತಡವಾದರೆ ಸೋಂಕು ಮನೆಯದೋ ವಾರ್ಡಿನದೋ ಹೇಳೋದು ಕಷ್ಟ. ಒಣ ಡಬ್ಬಿ ಸಾಕು, ಕೆಡದಂತೆ ಇಡೋ ರಾಸಾಯನಿಕ ಫಾರ್ಮಲಿನ್ ಹಾಕಲೇಬೇಡಿ.

ಮುಂದಿನದೇ ತಲೆನೋವು. ಆಗುಂಬೆ ಕಡೆಯಿಂದ ಘಾಟಿ ಮಳೆಯಲ್ಲಿ, ಕರೆಂಟೂ ಇಲ್ಲದ ದಿನ ಶಿವಮೊಗ್ಗಕ್ಕೆ ಸ್ಯಾಂಪಲ್ ತರುವಾಗ ಐಸ್ ಪ್ಯಾಕ್ ಇಟ್ಟ ಬಾಕ್ಸ್‌ನಲ್ಲಿ 2ರಿಂದ 8 ಡಿಗ್ರಿ ಉಳಿಸಿಕೊಳ್ಳಬೇಕು.

ಲ್ಯಾಬಿನಲ್ಲಿ ಎಲೈಸಾ ಅನ್ನೋ ಪರೀಕ್ಷೆ ಮಾಡಿದರೆ ರೋಟಾ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಅಷ್ಟೇ. ತಳಿ ಬೇಕಾದರೆ ಆರ್‌ಟಿ-ಪಿಸಿಆರ್. ವೈರಸ್ಸಿನ ಹೊರಕವಚದ ಎರಡು ಪ್ರೋಟೀನ್‌ಗಳ ಜೀನ್ ನೋಡಿ ಜಿ ಮತ್ತು ಪಿ ನಂಬರ್ ಕೊಡುತ್ತಾರೆ, ಜಿ1ಪಿ8, ಜಿ3ಪಿ8 ಅಂತ.

ತಾಯಿ ಕಾರ್ಡ್ ನೋಡಿ 6, 10, 14ನೇ ವಾರದ ರೋಟಾ ಲಸಿಕೆ ಹಾಕಿದ ದಿನಾಂಕ ಬರೆದುಕೊಳ್ಳಿ. ಸುಮ್ನೆ ಅಲ್ಲ, ಅದು ಜೀವಂತ ಲಸಿಕೆ. ಹಾಕಿದ ಹೊಸದರಲ್ಲಿ ಅದರ ವೈರಸ್ಸೇ ಮಲದಲ್ಲಿ ಸಿಗಬಹುದು. ರೋಟಾವ್ಯಾಕ್ ಅನ್ನೋ ಲಸಿಕೆ ಆದರೆ ಆ ವೈರಸ್ಸಿನ ತಳಿ ಜಿ9ಪಿ11.

ಮಳೆಗಾಲ ಮುಗಿಯಿತು ಅಂತ ಸ್ಯಾಂಪಲ್ ತೆಗೆಯೋದು ನಿಲ್ಲಿಸಬೇಡಿ, ರೋಟಾ ಚಳಿಯಲ್ಲೂ ಬರುತ್ತದೆ.